ಮಕ್ಕಳ ಕೈಗೆ ಭಯದ ಕಾದಂಬರಿ ಏಕೆ ಕೊಡುತ್ತೀರಿ?

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಗಾಥಿಕ್ ಕಾದಂಬರಿ, ಅಂದರೆ ಹಳೆಯ ಬಂಗಲೆ, ಕತ್ತಲು, ಭಯಗಳ ಕತೆ, ಓದಲು ಹೇಳುತ್ತೀರಲ್ಲ, ಹೆದರಿಕೊಳ್ಳುವುದಿಲ್ಲವೇ? ತಂದೆತಾಯಂದಿರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆದರಿಕೊಳ್ಳುತ್ತಾರೆ, ನಿಜ. ಆ ಹೆದರಿಕೆಯನ್ನು ಮಕ್ಕಳ ಕೈಗೆ ಹೇಗೆ ಕೊಡಬೇಕೆಂದು ಚೆನ್ನಾಗಿ ಬಲ್ಲ ಲೇಖಕಿಯೊಬ್ಬರಿದ್ದರು: ಇಂಗ್ಲೆಂಡಿನ ಜೋನ್ ಏಕನ್.

ಹುಟ್ಟಿದ್ದು 1924ರಲ್ಲಿ, ಸಸೆಕ್ಸ್‌ನ ರೈ ಎಂಬ ಹಳೆಯ ಪಟ್ಟಣದಲ್ಲಿ. ತಂದೆ ಕಾನ್ರಾಡ್ ಏಕನ್ ಪುಲಿಟ್ಜರ್ ಪ್ರಶಸ್ತಿ ಪಡೆದ ಅಮೆರಿಕನ್ ಕವಿ; ಮಲತಂದೆಯೂ ಬರಹಗಾರರೇ. ಹನ್ನೆರಡು ವರ್ಷದವರೆಗೆ ಶಾಲೆಯ ಮುಖ ನೋಡಲಿಲ್ಲ, ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಹದಿಹರೆಯದಲ್ಲೇ ಬಿಬಿಸಿ ಅವರ ಕತೆಯನ್ನು ಪ್ರಸಾರ ಮಾಡಿತು. ಅವರಿಗೆ ಹೆಸರು ತಂದ 'ದಿ ವುಲ್ವ್ಸ್ ಆಫ್ ವಿಲೊಬಿ ಚೇಸ್' ಮಾತ್ರ ಸುಲಭವಾಗಿ ಮುಗಿಯಲಿಲ್ಲ. ಬರೆಯುತ್ತಿರುವಾಗಲೇ ಗಂಡ ಕಾಯಿಲೆ ಬಿದ್ದರು, 1955ರಲ್ಲಿ ತೀರಿಕೊಂಡರು. ಇಬ್ಬರು ಎಳೆಯ ಮಕ್ಕಳನ್ನು ಸಾಕಲು ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಹಸ್ತಪ್ರತಿ ವರ್ಷಗಟ್ಟಲೆ ಹಾಗೆಯೇ ಉಳಿದು, ಪುಸ್ತಕ ಹೊರಬಂದದ್ದು 1962ರಲ್ಲಿ. ಅದರಲ್ಲಿ ಹಸಿವು, ಚಳಿ, ದಿಕ್ಕಿಲ್ಲದ ಮಕ್ಕಳ ಪಾಡು ಅಷ್ಟು ಖಚಿತವಾಗಿ ಮೂಡಲು ಈ ವರ್ಷಗಳೂ ಕಾರಣವೆಂದು ನಾನು ನಂಬುತ್ತೇನೆ.

ಕತೆ ನಡೆಯುವುದು ಇತಿಹಾಸದಲ್ಲಿ ಎಂದೂ ಇರದ ಇಂಗ್ಲೆಂಡಿನಲ್ಲಿ. 1832, ಸಿಂಹಾಸನದ ಮೇಲೆ ಮೂರನೆಯ ಜೇಮ್ಸ್. ಇಂಗ್ಲೆಂಡನ್ನು ಯೂರೋಪಿಗೆ ಜೋಡಿಸುವ ಕಡಲಡಿಯ ಸುರಂಗ ಆಗಲೇ ಸಿದ್ಧವಾಗಿ, ಯೂರೋಪಿನ ತೋಳಗಳು ಅದರೊಳಗಿಂದಲೇ ನುಗ್ಗಿವೆ. ಮೊದಲ ಅಧ್ಯಾಯಗಳಲ್ಲೇ ತೋಳವೊಂದು ರೈಲಿನ ಕಿಟಕಿ ಒಡೆದು, ಸೋದರಸಂಬಂಧಿ ಬಾನಿಯ ಮನೆಗೆ ಹೊರಟ ಪುಟ್ಟ ಸಿಲ್ವಿಯಾ ಕುಳಿತ ಡಬ್ಬಿಯೊಳಗೆ ಬೀಳುತ್ತದೆ. ಓದುವ ಮಗುವಿನ ಎದೆ ಝಲ್ಲೆನ್ನುತ್ತದೆ. ಆದರೆ ನಿಜವಾದ ಅಪಾಯ ಬರುವುದು ಮನೆಯ ಮುಂಬಾಗಿಲಿನಿಂದ, ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಮಿಸ್ ಸ್ಲೈಕಾರ್ಪ್ ರೂಪದಲ್ಲಿ. ಯಜಮಾನ ದಂಪತಿ ಹಡಗು ಹತ್ತಿದ ಕೂಡಲೇ ಆಕೆ ಆಳುಕಾಳುಗಳನ್ನು ಓಡಿಸುತ್ತಾಳೆ, ಮನೆಯೊಡತಿಯ ಉಡುಪು ತೊಡುತ್ತಾಳೆ, ಹುಡುಗಿಯರಿಬ್ಬರನ್ನು ಹೊಟ್ಟೆಗಿಲ್ಲದ ವಸತಿಶಾಲೆಗೆ ತಳ್ಳುತ್ತಾಳೆ. ಬಾನಿ ಮತ್ತು ಸಿಲ್ವಿಯಾ ಅಲ್ಲಿಂದ ಪಾರಾಗುವುದು ಹೆಬ್ಬಾತು ಮೇಯಿಸುವ ಹುಡುಗ ಸೈಮನ್ ಜೊತೆಗೂಡಿ, ಲಂಡನ್‌ವರೆಗೆ ನಡೆದು. ಮಂತ್ರವಿಲ್ಲ, ಮಾಯೆಯಿಲ್ಲ.

ಮಕ್ಕಳಿಗೆ ತೋಳ ಎದುರಾಗುವುದು ಅಪರೂಪ. ಅಧಿಕಾರವಿರುವ, ಮಾತು ಸಿಹಿಯಾದ, ಮನಸ್ಸು ಕೆಟ್ಟ ದೊಡ್ಡವರು ಎದುರಾಗುತ್ತಾರೆ. ಅಂಥವರನ್ನು ಗುರುತಿಸುವುದು ಮಕ್ಕಳಿಗೆ ಗೊತ್ತಿರಬೇಕು. ದೊಡ್ಡವರ ಮಾತನ್ನೆಲ್ಲ ಒಪ್ಪಿಕೊಂಡು ನಡೆಯುವ ಮಕ್ಕಳಿರುವ ಕತೆಗಳನ್ನಷ್ಟೇ ಕೊಟ್ಟರೆ ಅದನ್ನು ಎಲ್ಲಿ ಕಲಿಯುತ್ತಾರೆ?

ಏಕನ್ ಅವರ 1974ರ ಕಾದಂಬರಿ 'ಮಿಡ್‌ನೈಟ್ ಈಸ್ ಎ ಪ್ಲೇಸ್' ಇನ್ನೂ ಕಠಿಣ. ಅದರ ಜಮಖಾನೆ ಕಾರ್ಖಾನೆಯಲ್ಲಿ ಮಕ್ಕಳು ಕೆಳಗಿಳಿಯುವ ಭಾರೀ ಒತ್ತುಯಂತ್ರದಡಿ ಓಡಿಹೋಗಿ ನೂಲಿನ ಚೂರು ಹೆಕ್ಕಬೇಕು. ಅದನ್ನು ಓದಿದ ಮೇಲೆ ನಾನೇ ಬಹಳ ಹೊತ್ತು ಸುಮ್ಮನಾಗಿದ್ದೆ. ಹದಿಮೂರು ದಾಟಿದವರಿಗೆ ಕೊಡಿ, ಸಾಧ್ಯವಾದರೆ ನೀವೂ ಜೊತೆಗೆ ಓದಿ. ದೊಡ್ಡವರಿಗಾಗಿಯೂ ಅವರು ಗಾಥಿಕ್ ಮತ್ತು ರೋಚಕ ಕಾದಂಬರಿಗಳನ್ನು ಬರೆದಿದ್ದಾರೆ, ಅವು ಆಮೇಲೆ. 2004ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪುಸ್ತಕಗಳು ನೂರನ್ನು ದಾಟಿದ್ದವು. ತೋಳಗಳ ಕತೆಯಿಂದ ಶುರುಮಾಡಿ. ರಾತ್ರಿ ಒಬ್ಬರೇ ಓದಲು ಅಂಜುವ ಮಗುವಿಗೆ ರೈಲಿನ ಅಧ್ಯಾಯವನ್ನು ಹಗಲಿನಲ್ಲಿ ಗಟ್ಟಿಯಾಗಿ ಓದಿ ಹೇಳಿ.