‘ಬೆಕ್ಕು ತಾನೇ, ಹಸಿದರೆ ಬರುತ್ತದೆ’ ಎನ್ನುವವರಿಗೆ

ನಮ್ಮ ಬೆಕ್ಕು ಚಿಕ್ಕಿ ಕಳೆದುಹೋಗಿ ಸಿಕ್ಕ ಸಂಗತಿ ಗೊತ್ತಿರುವವರೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಬೆಕ್ಕು ತಾನೇ, ಹೊಟ್ಟೆ ಹಸಿದರೆ ತಾನಾಗಿ ಬರುತ್ತಿತ್ತು, ಮೂರು ರಾತ್ರಿ ನಿದ್ದೆಗೆಟ್ಟು ಹುಡುಕುವ ಅಗತ್ಯವೇನಿತ್ತು? ಕೆಲವರು ಸುಮ್ಮನೆ ಕುತೂಹಲಕ್ಕೆ ಕೇಳುತ್ತಾರೆ. ಇನ್ನು ಕೆಲವರ ಮನೆಯ ಬೆಕ್ಕು ಆ ಹೊತ್ತಿಗೆ ಕಾಣೆಯಾಗಿರುತ್ತದೆ. ಅವರು ಧೈರ್ಯ ತಂದುಕೊಳ್ಳಲು ಕೇಳುತ್ತಾರೆ, ‘ಹೌದು, ಬರುತ್ತದೆ’ ಎಂದು ನಾನು ಹೇಳಲಿ ಎಂದು ಕಾಯುತ್ತಾರೆ. ಈ ಎರಡನೆಯವರಿಗಾಗಿ ಬರೆಯುತ್ತಿದ್ದೇನೆ. ನಾನು ಹಾಗೆ ಹೇಳಲಾರೆ.

‘ತಾನಾಗಿ ಬರುತ್ತದೆ’ ಎಂಬ ಮಾತು ಸುಳ್ಳಲ್ಲ, ಅದು ಬೇರೆ ಬೆಕ್ಕಿನ ಮಾತು. ತಿರುಮಕೂಡಲು ನರಸೀಪುರದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಬೆಕ್ಕಿಗೆ ಬಾಗಿಲು ಎಂಬುದೇ ಇರಲಿಲ್ಲ. ಹಂಚಿನ ಸಂದಿಯಿಂದ ಅಟ್ಟಕ್ಕೆ, ಅಟ್ಟದಿಂದ ಹಿತ್ತಲಿಗೆ, ಅಲ್ಲಿಂದ ಗದ್ದೆಯ ಬದುವಿಗೆ ಅದರ ಸಂಚಾರ. ಹಾಲಿನ ಪಾತ್ರೆಗೆ ಬಾಯಿಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದರೂ ವಾರದೊಳಗೆ ಒಲೆಯ ಪಕ್ಕ ಬಂದು ಕೂತಿರುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಆ ಬೆಕ್ಕಿಗೆ ಯಾವ ನಾಯಿ ಎಲ್ಲಿ ಮಲಗುತ್ತದೆ, ಯಾವ ಬೇಲಿಯಲ್ಲಿ ನುಸುಳಬಹುದು ಎಂಬುದೆಲ್ಲ ಗೊತ್ತಿತ್ತು. ನಮ್ಮ ಚಿಕ್ಕಿಗೆ ಗೊತ್ತಿದ್ದದ್ದು ಮೈಸೂರಿನ ಕುವೆಂಪುನಗರದ ಒಂದು ಮೊದಲ ಮಹಡಿಯ ಮೂರು ಕೋಣೆ, ಒಂದು ಅಡುಗೆಮನೆ ಮತ್ತು ಕಿಟಕಿಯ ಜಾಲರಿಯಾಚೆ ಕಾಣುವ ಹೊಂಗೆ ಮರ. ಆರು ವಾರದ ಮರಿಯಾಗಿದ್ದಾಗ ಬಂದವಳು, ನಾಲ್ಕು ವರ್ಷದಲ್ಲಿ ನೆಲದ ಮಣ್ಣನ್ನು ಮೆಟ್ಟಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಸೋಮವಾರ ಸೊಳ್ಳೆ ಜಾಲರಿ ಬದಲಿಸಲು ಬಡಗಿ ಬಂದಿದ್ದರು. ಚಿಕ್ಕಿಯನ್ನು ಮಲಗುವ ಕೋಣೆಯಲ್ಲಿ ಕೂಡಿ ಹಾಕಿದ್ದೆ, ಆದರೆ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಡ್ರಿಲ್ಲಿಂಗ್ ಯಂತ್ರ ಗೋಡೆಗೆ ತಾಗಿದ ಕ್ಷಣ ಒಂದು ಬಿಳಿಯ ಗೆರೆ ನನ್ನ ಕಾಲ ಬಳಿ ಹಾದುಹೋಯಿತು. ಜಾಲರಿ ಇಲ್ಲದ ಕಿಟಕಿ, ಅದರ ಕೆಳಗಿನ ಸಜ್ಜೆ, ಸಜ್ಜೆಯಿಂದ ಕಾಂಪೌಂಡು. ನಾನು ಕಿಟಕಿಗೆ ಬರುವಷ್ಟರಲ್ಲಿ ಕಾಂಪೌಂಡಿನ ಮೇಲೂ ಏನೂ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆ, ಜಿಟಿಜಿಟಿ ಮಳೆ.

ಮೊದಲ ದಿನ ನಾನು ಮಾಡಿದ್ದೆಲ್ಲವೂ ತಪ್ಪು. ಬೀದಿಯ ಉದ್ದಕ್ಕೂ ಗಂಟಲು ಹರಿಯುವಂತೆ ಹೆಸರು ಕೂಗಿದೆ. ಶಾಲೆಯಿಂದ ಬಂದ ಮಕ್ಕಳು ಸಹಾಯಕ್ಕೆ ಸೇರಿದರು. ಎಂಟು ಮಕ್ಕಳು ಎಂಟು ಕಡೆಯಿಂದ ‘ಚಿಕ್ಕೀ’ ಎಂದು ಅರಚುತ್ತಿದ್ದರೆ ಬೀದಿ ನಾಯಿಗಳೂ ಎದ್ದು ಓಡಾಡತೊಡಗಿದವು. ಸಂಜೆ ಸ್ಕೂಟರ್ ಹತ್ತಿ ಕುಕ್ಕರಹಳ್ಳಿ ಕೆರೆಯವರೆಗೂ ಹೋಗಿ ಬಂದೆ. ಹೆದರಿದ ಪ್ರಾಣಿ ಓಡುತ್ತಲೇ ಇರುತ್ತದೆ, ಹೊತ್ತು ಕಳೆದಷ್ಟೂ ದೂರ ಹೋಗುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಆ ರಾತ್ರಿ ನನ್ನ ಮನಸ್ಸಿನಲ್ಲಿ ಚಿಕ್ಕಿ ವರ್ತುಲ ರಸ್ತೆಯನ್ನು ದಾಟುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಅವಳನ್ನು ನೋಡುವ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಅಕ್ಕಪಕ್ಕದ ಮನೆಗಳಲ್ಲಿ ಮೊಣಕಾಲೂರಿ ನೋಡಿದಿರಾ?’ ನಾನು ನೋಡಿರಲಿಲ್ಲ. ನಿಂತುಕೊಂಡು ಇಣುಕಿದ್ದೆ ಅಷ್ಟೆ. ಮನೆಯೊಳಗೇ ಬೆಳೆದ ಬೆಕ್ಕು ಹೊರಗೆ ಬಿದ್ದರೆ ಓಡಿಹೋಗುವುದಿಲ್ಲ, ಸಿಕ್ಕ ಮೊದಲ ಸಂದಿಗೆ ನುಗ್ಗಿ ಕಲ್ಲಿನಂತೆ ಕೂತುಬಿಡುತ್ತದೆ, ನೀವು ಕರೆದರೂ ಉಸಿರೆತ್ತುವುದಿಲ್ಲ ಎಂದರು. ದನಿ ಕೊಟ್ಟರೆ ಶತ್ರುವಿಗೆ ಜಾಗ ತಿಳಿಯುತ್ತದೆ ಎಂಬುದು ಅದರ ರಕ್ತದಲ್ಲಿ ಬಂದಿರುವ ಬುದ್ಧಿ.

ಆಮೇಲೆ ಓದಿದಾಗ ಅವರ ಮಾತಿಗೆ ಅಂಕಿಗಳ ಆಧಾರವೂ ಸಿಕ್ಕಿತು. ಕಾಣೆಯಾದ 1210 ಬೆಕ್ಕುಗಳ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಸಿಕ್ಕ ಬೆಕ್ಕುಗಳಲ್ಲಿ ಶೇಕಡಾ 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಹೊರಗೆ ಓಡಾಡಿ ಅಭ್ಯಾಸವಿದ್ದವುಗಳಲ್ಲಿ ಮುಕ್ಕಾಲು ಪಾಲು 1609 ಮೀಟರ್, ಅಂದರೆ ಒಂದು ಮೈಲಿಯೊಳಗೆ ಸಿಕ್ಕರೆ, ಮನೆಯೊಳಗೇ ಇದ್ದವುಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು 137 ಮೀಟರ್ ಒಳಗೆ. ನಮ್ಮ ಬೀದಿಯಲ್ಲಿ ಮೂವತ್ತು ಅಡಿ ಅಗಲದ ನಿವೇಶನಗಳು. 137 ಮೀಟರ್ ಎಂದರೆ ಹದಿನೈದು ಮನೆ. ನಾನು ಕೆರೆಯ ಏರಿಯ ಮೇಲೆ ಹುಡುಕುತ್ತಿದ್ದೆ!

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ‘ಬರುತ್ತದೆ ಬಿಡಿ’ ಎನ್ನುವವರು ಗಮನಿಸಬೇಕು. ಒಂದು ವರ್ಷವಾದರೂ ಸಿಕ್ಕಿದ್ದು ಶೇಕಡಾ 61 ಮಾತ್ರ. ಮೊದಲ ಏಳು ದಿನಗಳಲ್ಲಿ ಜೀವಂತವಾಗಿ ಸಿಕ್ಕಿದ್ದು ಶೇಕಡಾ 34. ತೊಂಬತ್ತು ದಿನ ಕಳೆದ ಮೇಲೆ ಜೀವಂತವಾಗಿ ಸಿಕ್ಕಿದ್ದು ಬಹಳ ಕಡಿಮೆ. ಸ್ವತಃ ಇಳಿದು ಹುಡುಕಿದವರಿಗೆ ಸಿಗುವ ಸಂಭವ ಹೆಚ್ಚು ಎಂಬ ಸೂಚನೆಯೂ ಅದರಲ್ಲಿದೆ. ಜೊತೆಗೆ ಬೆಕ್ಕಿನ ದೇಹಕ್ಕೆ ಉಪವಾಸ ಆಗಿಬರುವುದಿಲ್ಲ. ಕೆಲವು ದಿನ ಆಹಾರವಿಲ್ಲದಿದ್ದರೆ, ಅದರಲ್ಲೂ ಮೈತುಂಬಿಕೊಂಡಿರುವ ಬೆಕ್ಕಾದರೆ, ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ತುಂಬಿಕೊಂಡು ಪ್ರಾಣಕ್ಕೇ ಎರವಾಗಬಹುದು. ಹಸಿವಾದರೆ ಬರುತ್ತದೆ ಎಂದು ಕಾಯುವಾಗ ಆ ಹಸಿವೇ ಒಳಗೆ ಏನು ಮಾಡುತ್ತಿರುತ್ತದೆ ಎಂಬುದು ನಮಗೆ ಕಾಣುವುದಿಲ್ಲ.

ನನ್ನ ಅತ್ತೆ ಮೇಲುಕೋಟೆಯವರು. ಶ್ರೀವೈಷ್ಣವರಲ್ಲಿ ಶರಣಾಗತಿಯನ್ನು ವಿವರಿಸಲು ಎರಡು ನ್ಯಾಯಗಳಿವೆ, ಅಂದರೆ ಎರಡು ದೃಷ್ಟಾಂತಗಳು. ಮರ್ಕಟ ಕಿಶೋರ ನ್ಯಾಯದಲ್ಲಿ ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ಅವುಚಿಕೊಳ್ಳಬೇಕು. ಮಾರ್ಜಾಲ ಕಿಶೋರ ನ್ಯಾಯದಲ್ಲಿ ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಬಂದು ಕಚ್ಚಿಕೊಂಡು ಹೋಗಬೇಕು. ಅವರ ಎರಡು ಪಂಗಡಗಳಲ್ಲಿ ವಡಗಲೆಯವರು ಮೊದಲನೆಯದನ್ನು, ತೆಂಗಲೆಯವರು ಎರಡನೆಯದನ್ನು ಹಿಡಿದರು. ಮಂಗಳವಾರ ರಾತ್ರಿ ಅತ್ತೆ ಫೋನಿನಲ್ಲಿ ನಿಧಾನವಾಗಿ, ‘ಅದು ಬರುವ ಮರಿಯಲ್ಲಮ್ಮ, ನೀನು ಹೋಗಿ ತರಬೇಕಾದ ಮರಿ’ ಎಂದರು. ವೈದ್ಯರು ಹೇಳಿದ್ದೂ ಅದನ್ನೇ. ನನಗೆ ಮನಸ್ಸಿಗೆ ಹತ್ತಿದ್ದು ಅತ್ತೆಯ ಮಾತಿನಲ್ಲಿ.

ಬುಧವಾರ ಹದಿನೈದು ಮನೆಗಳಿಗೂ ಹೋದೆ. ಗೇಟಿನಲ್ಲಿ ನಿಂತು ‘ಬೆಕ್ಕು ಕಂಡಿರಾ’ ಎಂದು ಕೇಳುವುದು ಪ್ರಯೋಜನವಿಲ್ಲದ ಕೆಲಸ, ಇಲ್ಲ ಎಂದುಬಿಡುತ್ತಾರೆ. ನಾನು ಕೇಳಿದ್ದು ಬೇರೆ: ನಿಮ್ಮ ಹಿತ್ತಲನ್ನು ಒಮ್ಮೆ ನಾನೇ ನೋಡಬಹುದೇ, ರಾತ್ರಿ ಟಾರ್ಚ್ ಹಿಡಿದು ಬಂದರೆ ಬೇಸರವಿಲ್ಲವೇ, ಬೀಗ ಹಾಕಿರುವ ಗ್ಯಾರೇಜನ್ನು ಐದು ನಿಮಿಷ ತೆಗೆಯುತ್ತೀರಾ? ಒಬ್ಬರೂ ಬೇಡವೆನ್ನಲಿಲ್ಲ. ಸಂಪಿನ ಮುಚ್ಚಳದ ಬದಿ, ಮಹಡಿ ಮೆಟ್ಟಿಲ ಕೆಳಗಿನ ಪೊಟರೆ, ಹೊದಿಕೆ ಹಾಕಿ ನಿಲ್ಲಿಸಿದ ಕಾರು, ತೆಂಗಿನ ಗರಿಯ ರಾಶಿ ಎಲ್ಲವನ್ನೂ ನೋಡಿದೆ. ಕಾರಿನ ಬಾನೆಟ್ಟಿನೊಳಗೆ ಎಂಜಿನ್ನಿನ ಬೆಚ್ಚಗೆ ಬೆಕ್ಕುಗಳು ಸೇರಿಕೊಳ್ಳುತ್ತವೆ. ಹೊರಡುವ ಮುನ್ನ ಒಮ್ಮೆ ಬಾನೆಟ್ ತಟ್ಟಿ ಎಂದು ಪ್ರತಿ ಮನೆಯಲ್ಲೂ ಕೈಮುಗಿದು ಕೇಳಿಕೊಂಡೆ. ಬೆಕ್ಕು ಮಲಮೂತ್ರಕ್ಕೆ ಬಳಸುವ ಮಣ್ಣಿನ ಪೆಟ್ಟಿಗೆಯನ್ನು ಹೊರಗಿಟ್ಟರೆ ವಾಸನೆ ಹಿಡಿದು ಬರುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಇಡಲಿಲ್ಲ, ಇಡಿ ಎಂದು ಹೇಳುವುದೂ ಇಲ್ಲ. ಆ ವಾಸನೆಗೆ ಬೀದಿಯ ಗಡವ ಬೆಕ್ಕುಗಳೂ ಬರುತ್ತವೆ, ಅವು ಬಂದರೆ ಹೆದರಿ ಕೂತಿರುವುದು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ನಾನು ಉಟ್ಟು ಬಿಟ್ಟ ಒಂದು ಹಳೆಯ ಸೀರೆಯನ್ನು ಮೆಟ್ಟಿಲಿನ ಮೇಲೆ ಹರಡಿದ್ದೆ.

ಹಗಲೆಲ್ಲ ಏನೂ ಕಾಣಲಿಲ್ಲ. ರಾತ್ರಿ ಎರಡೂವರೆಗೆ ಅಲಾರಂ ಇಟ್ಟು ಎದ್ದೆ. ವಾಹನಗಳಿಲ್ಲ, ನಾಯಿಗಳೂ ಮಲಗಿರುತ್ತವೆ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಬೆಳಕು ಬಂದ ದಿಕ್ಕಿಗೇ ಅದು ಹಿಂದಿರುಗಿಸುತ್ತದೆ. ಆದ್ದರಿಂದ ಟಾರ್ಚನ್ನು ಸೊಂಟದ ಬಳಿ ಹಿಡಿಯಬಾರದು, ನಮ್ಮ ಕಣ್ಣಿನ ಪಕ್ಕದಲ್ಲಿ, ಕೆನ್ನೆಗೆ ಒತ್ತಿ ಹಿಡಿಯಬೇಕು, ಆಗ ಮಾತ್ರ ಆ ಹೊಳಪು ನಮ್ಮ ಕಣ್ಣಿಗೆ ಬೀಳುತ್ತದೆ. ಹಾಗೆ ಹಿಡಿದು, ಒದ್ದೆ ನೆಲದಲ್ಲಿ ಕೆನ್ನೆ ತಾಗುವಷ್ಟು ಬಗ್ಗಿ, ಮನೆಯಿಂದ ಮನೆಗೆ ಹೋದೆ. ಎಡಗಡೆಯ ಮೂರನೆಯ ಮನೆಯ ಹಿತ್ತಲಲ್ಲಿ ನೀರೊಲೆಯ ಹಿಂದೆ ಹಳೆಯ ಕಲ್ನಾರು ಶೀಟುಗಳನ್ನು ಗೋಡೆಗೆ ಒರಗಿಸಿದ್ದರು. ಅದರ ಕತ್ತಲೆಯ ತುದಿಯಲ್ಲಿ ಎರಡು ಹಸಿರು ಚುಕ್ಕೆಗಳು ಕಂಡವು. ಹಣೆಯ ಕಪ್ಪು ಚಿಕ್ಕಿಯೂ ಕಂಡಿತು. ನಮ್ಮ ಕಿಟಕಿಯಿಂದ ಅಲ್ಲಿಗೆ ಮೂವತ್ತು ಮೀಟರ್ ಇರಬಹುದು. ಮೂರು ದಿನದಲ್ಲಿ ಎಷ್ಟು ಸಲ ಆ ಗೋಡೆಯ ಆಚೆ ನಿಂತು ಕೂಗಿದ್ದೆನೋ. ಆ ಶೀಟುಗಳ ಮುಂದೆ ಹಗಲಿನಲ್ಲೂ ಬಗ್ಗಿ ನೋಡಿದ್ದೆ.

ಅವಳಿಗೆ ಕೇಳಿಸಿತ್ತು. ಬೆಕ್ಕುಗಳು ಸಾಕಿದವರ ದನಿಯನ್ನು ಅಪರಿಚಿತರ ದನಿಯಿಂದ ಬೇರೆಯಾಗಿ ಗುರುತಿಸುತ್ತವೆ ಎಂಬುದನ್ನು ಟೋಕಿಯೋ ವಿಶ್ವವಿದ್ಯಾಲಯದ ಸಂಶೋಧಕರು 20 ಸಾಕುಬೆಕ್ಕುಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿದೆ. ದನಿ ಗುರುತಿಸಿದಾಗ ಅವು ಕಿವಿ ತಿರುಗಿಸಿದವು, ತಲೆ ಹೊರಳಿಸಿದವು; ಎದ್ದು ಬರಲಿಲ್ಲ. ಶೀಟಿನ ಹಿಂದೆ ಮೂರು ದಿನ ಕಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೂತಿದ್ದ ಚಿಕ್ಕಿಯನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಕಂಡ ಮೇಲೆ ಹಿಡಿಯುವುದು ಇನ್ನೊಂದು ಕೆಲಸ, ಹೆಚ್ಚಿನವರು ಸೋಲುವುದು ಇಲ್ಲೇ. ಕೈ ಹಾಕಿ ಎಳೆಯಲು ಹೋದರೆ ಅದು ಮತ್ತೊಂದು ಬದಿಯಿಂದ ಚಿಮ್ಮಿ ಹೋಗುತ್ತದೆ, ಈ ಸಲ ನಿಜವಾಗಿಯೂ ದೂರಕ್ಕೆ. ನಾನು ಟಾರ್ಚ್ ಆರಿಸಿದೆ. ಶೀಟುಗಳಿಗೆ ಬೆನ್ನು ಅರ್ಧ ತಿರುಗಿಸಿ ನೆಲದಲ್ಲಿ ಕೂತೆ. ಆ ಮನೆಯ ಅಜ್ಜಿ ಸದ್ದಿಗೆ ಎದ್ದು ಬಂದು, ವಿಷಯ ತಿಳಿದು, ಎರಡು ಒಣಮೀನನ್ನು ಕೆಂಡದ ಮೇಲೆ ಸುಟ್ಟು ತಟ್ಟೆಯಲ್ಲಿಟ್ಟು ಕೊಟ್ಟರು. ನಮ್ಮ ಮನೆಯೊಳಗೆ ಮೀನು ಎಂದೂ ಬಂದಿರಲಿಲ್ಲ. ತಟ್ಟೆಯನ್ನು ನನ್ನ ತೊಡೆಯ ಪಕ್ಕ ಇಟ್ಟುಕೊಂಡು, ಅವಳನ್ನು ಒಯ್ಯುವ ಪೆಟ್ಟಿಗೆಯನ್ನು ಬಾಗಿಲು ತೆರೆದು ಆಚೆ ಬದಿಗಿಟ್ಟೆ. ಮನೆಯಲ್ಲಿ ಅನ್ನ ಕಲೆಸುವಾಗ ಅವಳೊಂದಿಗೆ ಆಡುವ ಮಾತುಗಳನ್ನೇ ಅದೇ ದನಿಯಲ್ಲಿ ಆಡಿದೆ. ಆಗಾಗ ತಿರುಗಿ ನೋಡಿ ರೆಪ್ಪೆಗಳನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತಿದ್ದೆ. ಬೆಕ್ಕುಗಳ ಭಾಷೆಯಲ್ಲಿ ಅದು ‘ಹೆದರಬೇಡ’ ಎಂಬುದಕ್ಕೆ ಹತ್ತಿರವಾದದ್ದು.

ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೆಯೇ ಕೂತಿದ್ದೆ. ಕಾಲು ಜೋಮು ಹಿಡಿದಿತ್ತು, ಸೀರೆ ತೊಯ್ದಿತ್ತು. ಬೆಳಕು ಹರಿದರೆ ನೀರಿನ ಮೋಟಾರು, ಹಾಲಿನವರ ಬೈಕು, ಎಲ್ಲ ಶುರುವಾಗುತ್ತದೆ, ಅವಳು ಮತ್ತೆ ಒಳಕ್ಕೆ ಸರಿಯುತ್ತಾಳೆ ಎಂಬ ಭಯ. ದೂರದ ಗುಡಿಯಲ್ಲಿ ಸುಪ್ರಭಾತ ಹಾಕಿದಾಗ ಶೀಟಿನ ಅಂಚಿನಲ್ಲಿ ಮೂಗು ಕಂಡಿತು. ಆಮೇಲೆ ಒಂದು ಕಾಲು. ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತಾ ಬಂದಳು, ಮೀನನ್ನು ಮೂಸಲೂ ಇಲ್ಲ. ನನ್ನ ಮೊಣಕೈಯ ಸಂದಿಗೆ ತಲೆ ತೂರಿಸಿ ನಿಂತುಬಿಟ್ಟಳು. ಟವೆಲ್ಲನ್ನು ಮೆಲ್ಲಗೆ ಸುತ್ತಿ ಎದೆಗೆ ಅವುಚಿಕೊಂಡೆ. ಬೆಳೆದ ಬೆಕ್ಕನ್ನು ಕತ್ತಿನ ಚರ್ಮ ಹಿಡಿದು ಎತ್ತಬಾರದು, ಮೈಯ ಭಾರಕ್ಕೆ ನೋವಾಗುತ್ತದೆ. ಕೆಳಗೆ ಕೈ ಕೊಡಬೇಕು. ಪೆಟ್ಟಿಗೆಗೆ ಹಾಕಿ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ನನಗೆ ಅಳು ಬಂದದ್ದು.

ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ಸೋಮವಾರ ಸಂಜೆ ಒಲೆಗೆ ಸೌದೆ ಹಾಕುವಾಗ ಬಿಳಿಯ ಬಾಲವೊಂದು ಶೀಟಿನ ಹಿಂದೆ ಸರಿದದ್ದನ್ನು ತಾವು ಕಂಡಿದ್ದಾಗಿ ಆಗ ಹೇಳಿದರು. ‘ಬೆಕ್ಕು ತಾನೇ, ತಾನಾಗಿ ಹೋಗುತ್ತದೆ ಅಂದುಕೊಂಡೆನಮ್ಮ’ ಎಂದರು.

ವೈದ್ಯರ ಬಳಿ ತೂಗಿದಾಗ ನಾನೂರು ಗ್ರಾಂ ಇಳಿದಿತ್ತು. ಚರ್ಮದಡಿ ದ್ರವ ಕೊಟ್ಟು, ರೇಬೀಸ್ ಲಸಿಕೆಯ ದಿನಾಂಕ ನೋಡಿ, ಅದೇ ದಿನ ಹೆಗಲ ನಡುವೆ ಅಕ್ಕಿಕಾಳಿನಷ್ಟು ದೊಡ್ಡದಾದ ಮೈಕ್ರೋಚಿಪ್ ಇಟ್ಟರು. ಅದರಲ್ಲಿರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಬೆಕ್ಕು ಎಲ್ಲಿದೆ ಎಂದು ಅದು ಮೊಬೈಲಿನಲ್ಲಿ ತೋರಿಸುವುದಿಲ್ಲ, ಯಾರಾದರೂ ಹಿಡಿದು ತಂದು ಯಂತ್ರದಲ್ಲಿ ಓದಿದಾಗಷ್ಟೇ ಆ ಸಂಖ್ಯೆಯಿಂದ ನಮ್ಮ ಮನೆಯ ಹೆಸರು ಸಿಗುತ್ತದೆ.

ಟಾರ್ಚ್ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಮೂರನೆಯ ಮನೆಯ ಅಜ್ಜಿ ಸಂಜೆ ಸೌದೆ ತೆಗೆಯುವ ಮುನ್ನ ಶೀಟಿನ ಹಿಂದೆ ಒಮ್ಮೆ ಬಗ್ಗಿ ನೋಡುತ್ತಾರೆ. ಹೋದ ತಿಂಗಳು ಅಲ್ಲಿ ಮೂರು ಮರಿಗಳಿದ್ದವು. ಅವರೇ ಬಂದು ನನ್ನನ್ನು ಕರೆದರು.