ಕೂಡಿ ಕಳೆದರೆ ಸೊನ್ನೆ

ಜೂನ್ 19, 2025, ಗುರುವಾರ
ಕೋಲಾರ

ನಿನ್ನೆ ರಾತ್ರಿ ವಾರ್ಡಿನಲ್ಲಿ ನಡೆದದ್ದನ್ನು ಬರೆಯೋಣ ಅಂತ ಕೂತೆ. ಅದಕ್ಕೆ ಮುಂಚೆ ಅಪ್ಪನ ವಿಷಯ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮಧ್ಯೆ ಬಂದು ಅಡ್ಡ ನಿಲ್ಲುತ್ತೆ.

ಅಮೆರಿಕದಲ್ಲಿ ನರ್ಸ್ ಆಗಲು ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ನಾನು ಫೇಲ್. ರಿಸಲ್ಟ್ ಬಂದಾಗಿನಿಂದ ಅಪ್ಪನದು ಒಂದೇ ಪ್ರಶ್ನೆ. "ಎಷ್ಟು ಬಂತು? ಎಷ್ಟರಲ್ಲಿ ಹೋಯ್ತು?" ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಾದರೆ 35 ಬೇಕಿತ್ತು, 33 ಬಂತು, ಎರಡರಲ್ಲಿ ಹೋಯ್ತು ಅಂತ ಹೇಳಬಹುದಿತ್ತು. ಕೇಳಿದವರೂ ಅಯ್ಯೋ ಪಾಪ ಅಂದು ಸುಮ್ಮನಾಗುತ್ತಿದ್ದರು. ಎನ್‌ಕ್ಲೆಕ್ಸ್‌ನಲ್ಲಿ ಮಾರ್ಕ್ಸ್ ಕೊಡೋದೇ ಇಲ್ಲ ಅಂದರೆ ಅಪ್ಪ ನಂಬುತ್ತಿಲ್ಲ. ಮಾರ್ಕ್ಸೇ ಇಲ್ಲದ ಪರೀಕ್ಷೆಯಲ್ಲಿ ಫೇಲ್ ಹೆಂಗೆ ಮಾಡ್ತಾರೆ ಅಂತ ಅವರ ವಾದ. ನ್ಯಾಯವಾದ ಪ್ರಶ್ನೆಯೇ.

ಬಿಡಿಸಿ ಹೇಳಿದೆ. ಕಂಪ್ಯೂಟರ್ ಒಂದು ಪ್ರಶ್ನೆ ಕೊಡುತ್ತೆ. ಸರಿ ಮಾಡಿದರೆ ಮುಂದಿನದು ಸ್ವಲ್ಪ ಕಷ್ಟದ್ದು. ತಪ್ಪಿದರೆ ಸ್ವಲ್ಪ ಸುಲಭದ್ದು. ಹೀಗೆ ಮೇಲೆ ಕೆಳಗೆ ಮಾಡುತ್ತಾ ಇವಳು ಪಾಸಿನ ಗೆರೆಯ ಮೇಲಿದ್ದಾಳಾ, ಕೆಳಗಿದ್ದಾಳಾ ಅಂತ ಅಳೆಯುತ್ತೆ. ಶೇಕಡ 95ರಷ್ಟು ಖಾತ್ರಿಯಾದರೆ ನಿಲ್ಲಿಸಿಬಿಡುತ್ತೆ. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. ಐದು ಗಂಟೆ ಟೈಮ್. ನನ್ನದು 150ರ ತನಕ ಎಳೆಯಿತು. ಅಂದರೆ ಕೊನೆಯವರೆಗೂ ಅದಕ್ಕೆ ಖಾತ್ರಿಯಾಗಲಿಲ್ಲ. ಗೆರೆಯ ಆಸುಪಾಸಿನಲ್ಲೇ ಓಡಾಡುತ್ತಿದ್ದೆ ಅಂತ.

ಅಪ್ಪ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ಮಂಡಿಯಲ್ಲಿ ಟೊಮೆಟೊ ಹರಾಜು ಕೂಗ್ದಂಗೆ. ಕೂಗ್ತಾ ಕೂಗ್ತಾ ಹೋಗಿ ಎಲ್ಲೋ ಒಂದು ಕಡೆ ನಿಲ್ಸೋದು" ಅಂದರು. ನಾನು ಹೂಂ ಅಂದೆ. ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಅವರೇ "ಬಾಕ್ಸಿಗೆ ಇವತ್ತು ಎಷ್ಟು ಅಂತ ನೋಡ್ಬೇಕು" ಅಂತ ಎದ್ದು ಎಪಿಎಂಸಿ ಕಡೆ ಹೋದರು. ಅಲ್ಲಿಗೆ ನನ್ನ ಫೇಲಿನ ಚರ್ಚೆ ಮುಗಿಯಿತು.

ಅಮ್ಮ ಕೋಲಾರಮ್ಮನಿಗೆ ಏನೋ ಹರಕೆ ಹೊತ್ತಿದ್ದಾಳೆ. ಏನು ಅಂತ ಹೇಳುತ್ತಿಲ್ಲ. ನನಗೆ ಅದೇ ಭಯ.

ಫೇಲ್ ಆದವರಿಗೆ ಮಾತ್ರ ಒಂದು ರಿಪೋರ್ಟ್ ಕಳಿಸುತ್ತಾರೆ. ಪಾಸಾದವರಿಗೆ ಅದು ಬರುವುದೇ ಇಲ್ಲ. ಎಂಟು ವಿಭಾಗ, ಒಂದೊಂದರ ಮುಂದೆಯೂ ಗೆರೆಗಿಂತ ಮೇಲೆ, ಗೆರೆ ಹತ್ತಿರ, ಗೆರೆಗಿಂತ ಕೆಳಗೆ ಅಂತ ಒಂದು ಸಾಲು. ಮೊದಲ ವಾರ ಅದನ್ನು ತೆರೆಯಲೇ ಇಲ್ಲ. ತೆರೆದಾಗ ನಗು ಬಂತು. ಔಷಧಗಳ ವಿಭಾಗ, ಫಾರ್ಮಕಾಲಜಿಯಲ್ಲಿ ಮೇಲೆ ಇದ್ದೇನೆ! ಹೃದಯದ ಔಷಧಿ ಡಿಜಾಕ್ಸಿನ್ ಕೊಡೋಕೆ ಮುಂಚೆ ಪೂರ್ತಿ ಒಂದು ನಿಮಿಷ ಏಪಿಕಲ್ ಪಲ್ಸ್ (ಎದೆಯ ಮೇಲೆ ಕೇಳಿ ಎಣಿಸುವ ಬಡಿತ) ನೋಡು, 60ಕ್ಕಿಂತ ಕಡಿಮೆ ಇದ್ದರೆ ಕೊಡಬೇಡ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ರಕ್ತದಲ್ಲಿ 1.5 ದಾಟಿದರೆ ವಿಷ, ಇವೆಲ್ಲ ರಾತ್ರಿ ಕೂತು ಉರು ಹೊಡೆದವು. ಅವು ಕೈ ಹಿಡಿದಿವೆ. ಕೆಳಗೆ ಬಿದ್ದಿರುವುದು ಎಲ್ಲಿ ಗೊತ್ತಾ? ಮ್ಯಾನೇಜ್‌ಮೆಂಟ್ ಆಫ್ ಕೇರ್. ಮತ್ತೆ ಸೈಕೋಸೋಷಿಯಲ್. ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ಒಪ್ಪಿಸಬೇಕು, ಭಯಪಟ್ಟವರ ಹತ್ತಿರ ಏನು ಮಾತಾಡಬೇಕು. ಇಷ್ಟು ವರ್ಷ ವಾರ್ಡಿನಲ್ಲಿ ದಿನವೂ ಮಾಡಿಕೊಂಡು ಬಂದಿರುವ ಕೆಲಸದಲ್ಲೇ ಕೆಳಗೆ. ಜಾಸ್ತಿ ಪ್ರಶ್ನೆ ಬರುವುದೂ ಮ್ಯಾನೇಜ್‌ಮೆಂಟ್‌ನಿಂದಲೇ.

ಇದರ ಬಗ್ಗೆ, ಇದೇ ಪರೀಕ್ಷೆಗೆ ಓದುತ್ತಿರುವ ನರ್ಸ್ ಚಿನ್ನಿ ಹತ್ತಿರ ತುಂಬಾ ಜಗಳವಾಡಿದೆ. ನಾನು ಹೇಳುವುದು ಇಷ್ಟೇ. ಆ ಪರೀಕ್ಷೆಯ ಆಸ್ಪತ್ರೆಯಲ್ಲಿ ಜನ ಇದ್ದಾರೆ. ಆರ್‌ಎನ್ (ಪೂರ್ತಿ ಜವಾಬ್ದಾರಿಯ ನರ್ಸ್) ಇದ್ದಾಳೆ, ಅವಳ ಕೆಳಗೆ ಎಲ್‌ಪಿಎನ್ (ಕಡಿಮೆ ಓದಿನ ನರ್ಸ್), ಅವಳ ಕೆಳಗೆ ಸಹಾಯಕಿ. ಸ್ಥಿರವಾಗಿರುವ ರೋಗಿಯ ಬಿಪಿ ನೋಡುವುದು, ಊಟ ಮಾಡಿಸುವುದು, ನಡೆದಾಡಿಸುವುದು ಸಹಾಯಕಿಗೆ ಕೊಡಬಹುದು. ಅಸೆಸ್‌ಮೆಂಟ್ (ರೋಗಿಯ ಸ್ಥಿತಿ ಅಳೆಯುವುದು), ರೋಗಿಗೆ ತಿಳಿಹೇಳುವುದು, ಕೊಟ್ಟ ಚಿಕಿತ್ಸೆಯಿಂದ ಏನಾಯಿತು ಅಂತ ತೂಗಿ ನೋಡುವುದು ಯಾರಿಗೂ ಬಿಡಬಾರದು, ಆರ್‌ಎನ್ ತಾನೇ ಮಾಡಬೇಕು. ಇದು ನಿಯಮ. ಒಳ್ಳೆಯ ನಿಯಮವೇ. ಆದರೆ ನಮ್ಮಲ್ಲಿ ಊಟ ಮಾಡಿಸುವುದು, ನಡೆದಾಡಿಸುವುದು, ಡ್ರಿಪ್ ಮುಗಿದರೆ "ಸಿಸ್ಟರ್, ಬಾಟ್ಲು ಖಾಲಿ" ಅಂತ ಕೂಗುವುದು ಎಲ್ಲವೂ ರೋಗಿಯ ಸೊಸೆ. ಸೊಸೆಗೆ ಏನು ಒಪ್ಪಿಸಬಹುದು ಅಂತ ಯಾವ ಆಪ್ಷನ್ನಿನಲ್ಲೂ ಇಲ್ಲ. ಯಾರನ್ನು ಮೊದಲು ನೋಡುತ್ತೀಯ ಅಂತ ಕೇಳುತ್ತಾರೆ. ನಮ್ಮ ವಾರ್ಡಿನಲ್ಲಿ ಯಾರ ಕಡೆಯವರು ಜೋರಾಗಿ ಕೂಗುತ್ತಾರೋ ಅವರನ್ನು ಮೊದಲು ನೋಡದಿದ್ದರೆ ಉಳಿದವರನ್ನು ನೋಡಲಿಕ್ಕೇ ಬಿಡುವುದಿಲ್ಲ.

ಚಿನ್ನಿ ಮಾತ್ರ "ಅಕ್ಕ, ನಿನ್ನ ಎಕ್ಸ್‌ಪೀರಿಯನ್ಸ್ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗು" ಅನ್ನುತ್ತಾಳೆ. ಅವಳಿಗೆ ವಾರ್ಡ್ ಅನುಭವ ಒಂದು ವರ್ಷ. ಹೇಳುವುದು ಸುಲಭ.

ಸರಿ, ನಿನ್ನೆ ರಾತ್ರಿಯ ಅಜ್ಜಿಯ ವಿಷಯ.

ಬೆಡ್ ನಂಬರ್, ಊರು ಎಲ್ಲಾ ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ. ಶ್ರೀನಿವಾಸಪುರದ ಕಡೆಯವರು ಅಂತ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಬೆರಳಿಗೆ ಗಾಯವಾಗಿ, ನೋವೇ ಗೊತ್ತಾಗದೆ, ಕಪ್ಪಗಾದ ಮೇಲೆ ಕರೆದುಕೊಂಡು ಬಂದಿದ್ದಾರೆ. ಸಕ್ಕರೆಯಿಂದ ನರಗಳು ಸ್ಪರ್ಶ ಕಳೆದುಕೊಂಡಿರುತ್ತವಲ್ಲ, ಚಪ್ಪಲಿ ಕಚ್ಚಿದರೂ ತಿಳಿಯುವುದಿಲ್ಲ. ಇವತ್ತು ಬೆಳಿಗ್ಗೆ ಬೆರಳು ತೆಗೆಯಬೇಕಿತ್ತು. ರಾತ್ರಿ 12ರ ಮೇಲೆ ಏನೂ ಕೊಡಬೇಡಿ ಅಂತ ಆರ್ಡರ್. ಹನ್ನೊಂದೂ ಮುಕ್ಕಾಲಿಗೆ ಕೇಳಿ ಕೇಳಿ ನೀರು ಕುಡಿದರು. ಸೊಸೆ ಕೆಳಗೆ ಚಾಪೆ ಹಾಕಿಕೊಂಡು ನಿದ್ದೆ ಹೋಗಿದ್ದಳು.

ಎರಡು ಗಂಟೆ ಸುಮಾರಿಗೆ ರೌಂಡ್ಸ್ ಹೋದಾಗ ಅಜ್ಜಿ ಕಣ್ಣು ಬಿಟ್ಟುಕೊಂಡೇ ಇದ್ದರು. ನನ್ನ ಕೈ ಹಿಡಿದುಕೊಂಡು ಕೇಳಿದರು. "ನಾಳೆ ಏನಾಗುತ್ತಮ್ಮಾ ನನಗೆ?"

"ಏನೂ ಆಗಲ್ಲ ಬಿಡಜ್ಜಿ" ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಸಾವಿರ ಸಲ ಹೇಳಿರುವ ಮಾತು. ಅಷ್ಟರಲ್ಲಿ ಕಣ್ಣ ಮುಂದೆ ನಾಲ್ಕು ಆಪ್ಷನ್ ಬಂದು ನಿಂತವು. ನಿಜವಾಗಲೂ. ಸುಳ್ಳು ಭರವಸೆ ತಪ್ಪು ಉತ್ತರ. ಯಾಕೆ ಭಯ ಅಂತ ಕೇಳುವುದೂ ತಪ್ಪು, ಯಾಕೆ ಅಂದರೆ ಎದುರಿನವರು ಸಮಜಾಯಿಷಿ ಕೊಡಬೇಕಾಗುತ್ತೆ. ಡಾಕ್ಟರನ್ನು ಕೇಳಿ ಅಂತ ದಾಟಿಸುವುದು ತಪ್ಪು. ಅವರ ಮನಸ್ಸಿನಲ್ಲಿರುವುದನ್ನು ಅವರೇ ಹೇಳುವ ಹಾಗೆ ಬಾಯಿ ಬಿಡಿಸುವುದು ಸರಿ. ಫೇಲ್ ಆಗಿರುವುದೇ ಈ ವಿಭಾಗದಲ್ಲಿ ಅಲ್ವಾ. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತೆ.

"ನಾಳೆಯದು ನೆನೆಸಿಕೊಂಡರೆ ನಿಮಗೆ ಏನನ್ನಿಸ್ತಿದೆ, ಹೇಳಿ ಅಜ್ಜಿ" ಅಂದೆ.

ಅಜ್ಜಿ ನನ್ನನ್ನೇ ನೋಡಿದರು. "ಇದೇನೇ, ನಾನು ನಿನ್ನ ಕೇಳಿದ್ರೆ ನೀನು ನನ್ನೇ ಕೇಳ್ತೀಯ? ಓದಿದೋಳು ನೀನಾ ನಾನಾ?"

ನಾಲ್ಕು ಆಪ್ಷನ್ನಿನಲ್ಲಿ ಯಾವುದಕ್ಕೂ ರೋಗಿ ಹೀಗೆ ತಿರುಗಿ ಕೇಳುವುದಿಲ್ಲ. ಅಲ್ಲಿ ನರ್ಸ್ ಸರಿ ಉತ್ತರ ಹೇಳಿದ ತಕ್ಷಣ ಪ್ರಶ್ನೆ ಮುಗಿಯುತ್ತೆ, ನೆಕ್ಸ್ಟ್ ಒತ್ತಬೇಕು. ಇಲ್ಲಿ ನೆಕ್ಸ್ಟ್ ಎಲ್ಲಿದೆ? ಸುಮ್ನೆ ಕೂತೆ. ಬೇರೇನೂ ತೋಚಲಿಲ್ಲ. (ಸುಮ್ಮನೆ ಕೂರುವುದೂ ಸರಿ ಉತ್ತರವೇ ಅಂತೆ, ಥೆರಪ್ಯೂಟಿಕ್ ಸೈಲೆನ್ಸ್ ಅಂತ ಹೆಸರು ಬೇರೆ ಇದೆ.)

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ತಾವೇ ಶುರು ಮಾಡಿದರು. ಬೆರಳಿನ ಮಾತೇ ಇಲ್ಲ. ಮಾವಿನ ತೋಪು. ಪೂರ್ತಿ ತೋತಾಪುರಿ. ಈ ಸಲ, 2025ರ ಜೂನ್‌ನಲ್ಲಿ, ಆಂಧ್ರದ ಚಿತ್ತೂರಿನ ಕಡೆ ನಮ್ಮ ಕಾಯಿ ಒಳಗೆ ಬಿಡಲಿಲ್ಲವಲ್ಲ, ಜ್ಯೂಸ್ ಫ್ಯಾಕ್ಟರಿಗಳು ಹೆಚ್ಚಾಗಿ ಆ ಕಡೆಯೇ ಇರುವುದು. ಕಾಯಿ ಮರದಲ್ಲೇ ಹಣ್ಣಾಗಿ ಉದುರುತ್ತಿದೆ. ಮಗ ಕೀಳಿಸುವ ಕೂಲಿಯೂ ಹುಟ್ಟಲ್ಲ ಅಂತ ಕೈಬಿಟ್ಟಿದ್ದಾನೆ. ಈಗ ಆಸ್ಪತ್ರೆ ಖರ್ಚು ಬೇರೆ ಅವನ ತಲೆ ಮೇಲೆ. "ಬೆರಳು ಹೋದ್ರೆ ಹೋಗ್ಲಿ, ನಾನೇನು ಮದುವೆ ಆಗ್ಬೇಕಾ? ಅವನು ಏನಾದ್ರೂ ಮಾಡ್ಕೊಂಡ್ರೆ?"

ಅದು ಭಯ. ನಾಳೆ ಏನಾಗುತ್ತೆ ಅಂತ ಕೇಳಿದ್ದು ಅದಕ್ಕೆ. ನಾನು "ಏನೂ ಆಗಲ್ಲ ಬಿಡಜ್ಜಿ" ಅಂದು ಮುಂದಿನ ಬೆಡ್ಡಿಗೆ ಹೋಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಪರೀಕ್ಷೆಯವರು ಸುಮ್ಮಸುಮ್ಮನೆ ಬರೆದಿಲ್ಲ ಅಂತ ಒಪ್ಪಿಕೊಳ್ಳಲೇಬೇಕಾಯಿತು. ಸಿಟ್ಟೂ ಬಂತು, ಒಪ್ಪಿಕೊಳ್ಳಬೇಕಾಯಿತಲ್ಲ ಅಂತ.

ಮಗ ಹಾಗೆ ಏನಾದರೂ ಬಾಯಿಬಿಟ್ಟು ಹೇಳಿದ್ದಾನಾ ಅಂತ ಕೇಳಿದೆ. ಇಲ್ಲ, ಆದರೆ ಊಟ ಬಿಟ್ಟಿದ್ದಾನೆ ಅಂದರು. ಬೆಳಿಗ್ಗೆ ಡಾಕ್ಟರಿಗೂ ಸೋಷಿಯಲ್ ವರ್ಕರಿಗೂ ಹೇಳುತ್ತೇನೆ, ಮಗನ ಹತ್ತಿರ ಅವರು ಮಾತಾಡುತ್ತಾರೆ ಅಂದೆ. ಹೇಳಿದ್ದೇನೆ ಕೂಡ, ಹ್ಯಾಂಡೋವರ್ ಬುಕ್ಕಿನಲ್ಲೂ ಬರೆದಿದ್ದೇನೆ. ಅಜ್ಜಿ ಎಲ್ಲಾ ಕೇಳಿಸಿಕೊಂಡು ಹೂಂ ಅಂದರು. ನಾನು ಎದ್ದೆ. ಮತ್ತೆ ಕೈ ಹಿಡಿದರು. ಅಲ್ಲಿಯವರೆಗೆ ಕನ್ನಡದಲ್ಲೇ ಇದ್ದವರು ತೆಲುಗಿಗೆ ಹೊರಳಿದರು. ನಮ್ಮ ಕಡೆ ಗೊತ್ತಲ್ಲ, ನಿದ್ದೆ ಬಂದರೆ, ಸಿಟ್ಟು ಬಂದರೆ ತೆಲುಗು.

"ಇಪ್ಪುಡು ಏಮೀ ಕಾದು ಅನಿ ಚೆಪ್ಪು."

ಈಗ ಏನೂ ಆಗಲ್ಲ ಅಂತ ಹೇಳು ಅಂತ!

ಹೇಳಿದೆ. ಏಮೀ ಕಾದು ಅವ್ವಾ, ಪಡುಕೋ ಅಂದೆ. ಕಣ್ಣು ಮುಚ್ಚಿಕೊಂಡರು. ಐದು ಗಂಟೆಗೆ ಶುಗರ್ ನೋಡಲು ಹೋಗಿ ಎಬ್ಬಿಸಬೇಕಾಯಿತು.

ಈಗ ಇದಕ್ಕೆ ಆ ಕಂಪ್ಯೂಟರ್ ಏನು ಕೊಡುತ್ತಿತ್ತು ಅಂತ ಬೆಳಗಿನಿಂದ ಲೆಕ್ಕ ಹಾಕುತ್ತಿದ್ದೇನೆ. 2023ರ ಏಪ್ರಿಲ್‌ಗೆ ಮುಂಚೆ, ಸರಿ ಇರುವುದನ್ನೆಲ್ಲ ಆರಿಸಿ ಅನ್ನುವ ಪ್ರಶ್ನೆಯಲ್ಲಿ ಒಂದು ತಪ್ಪಿದರೂ ಪೂರ್ತಿ ಹೋಯಿತು. ಈಗಿನ ಹೊಸ ಪದ್ಧತಿಯಲ್ಲಿ ಸರಿ ಆರಿಸಿದ್ದಕ್ಕೆ ಒಂದು ಕೂಡುತ್ತಾರೆ, ತಪ್ಪು ಆರಿಸಿದ್ದಕ್ಕೆ ಒಂದು ಕಳೆಯುತ್ತಾರೆ. ಸೊನ್ನೆಯ ಕೆಳಗೆ ಇಳಿಸುವುದಿಲ್ಲ. ಕೂತು ಮಾತು ಬಿಡಿಸಿದ್ದು ಸರಿ, ಒಂದು. ಕೊನೆಯಲ್ಲಿ ಏಮೀ ಕಾದು ಅಂದದ್ದು ತಪ್ಪು, ಮೈನಸ್ ಒಂದು. ಕೂಡಿ ಕಳೆದರೆ ಸೊನ್ನೆ. ಅಜ್ಜಿ ಮಾತ್ರ ನಿದ್ದೆ ಮಾಡಿದರು.

ಆಪರೇಷನ್ ಆಯಿತಂತೆ. ಬೆಳಗಿನ ಡ್ಯೂಟಿಯವಳು ಮೆಸೇಜ್ ಹಾಕಿದ್ದಳು. ಎರಡು ಬೆರಳು ತೆಗೆದಿದ್ದಾರೆ. ಒಂದು ಅಂದಿದ್ದರು.

ಹಸಿವಾಗುತ್ತಿದೆ. ಅಮ್ಮ ಬೆಳಿಗ್ಗೆ ಮಾಡಿದ ಮುದ್ದೆ ಇದೆ, ಸೊಪ್ಪಿನ ಬಸ್ಸಾರು ಇದೆ. ಬರೆದು ಉಣ್ಣುತ್ತೇನೆ.

ದುಡ್ಡಿನ ವಿಷಯ. ಮತ್ತೆ ಬರೆಯಲು ಕಡಿಮೆ ಅಂದರೂ 45 ದಿನ ಕಾಯಬೇಕು. ಮೊದಲಿಂದ ರಿಜಿಸ್ಟ್ರೇಷನ್, 200 ಡಾಲರ್. ಅಮೆರಿಕದ ಹೊರಗೆ ಬರೆಯುವವರಿಗೆ ಅದರ ಮೇಲೆ ಇನ್ನೂ 150. ರೂಪಾಯಿಯಲ್ಲಿ ಸುಮಾರು 30 ಸಾವಿರ, ಟ್ಯಾಕ್ಸ್ ಬೇರೆ. ಅಲ್ಲಿನ ನರ್ಸಿಂಗ್ ಬೋರ್ಡ್ ಒಪ್ಪಿದ ಮೇಲೆ ಹೊಸ ಅನುಮತಿ ಪತ್ರ ಬರಬೇಕು, ಆಮೇಲೆ ಬೆಂಗಳೂರಿನ ಸೆಂಟರ್‌ನಲ್ಲಿ ಡೇಟ್ ಹುಡುಕಬೇಕು. ಆ ಸೆಂಟರಿನ ಮೆಷಿನ್ ಮೇಲೆ ಅಂಗೈ ಇಟ್ಟರೆ ಸಾಕು, ಒಳಗಿನ ರಕ್ತನಾಳ ನೋಡಿ ಗುರುತು ಹಿಡಿಯುತ್ತೆ. ಡಿಹೈಡ್ರೇಟ್ ಆದ ಅಜ್ಜಂದಿರಿಗೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕಲು ಅಂಥದ್ದೊಂದು ನಮ್ಮ ವಾರ್ಡಿಗೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಎರಡನೇ ಸಲ ಬರೆಯುವವರು ಪಾಸಾಗುವುದು ಮೊದಲ ಸಲದವರಿಗಿಂತ ಕಡಿಮೆ. ಪರೀಕ್ಷೆ ನಡೆಸುವವರೇ ಅಂಕಿ ಅಂಶ ಹಾಕುತ್ತಾರೆ. ರಾತ್ರಿ ಮೂರು ಗಂಟೆಗೆ ಅಂಥದ್ದನ್ನೇ ನೋಡಬೇಕು ಅನ್ನಿಸುತ್ತೆ ನೋಡಿ.

ಪಾಸಾದರೂ ನಾಳೆಯೇ ವಿಮಾನ ಹತ್ತುವುದಲ್ಲ ಅಂತ ಕೆಳಗಿನ ಮನೆ ಆಂಟಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅಮೆರಿಕದ ಗ್ರೀನ್ ಕಾರ್ಡಿಗೆ ಭಾರತದವರ ಸರದಿ ವರ್ಷಗಟ್ಟಲೆ ಹಿಂದಿದೆ. ಕೆನಡಾದ ಬಹುತೇಕ ಕಡೆ 2015ರಿಂದ ಇದೇ ಪರೀಕ್ಷೆ ಇದೆ. ನಮ್ಮಂಥ ದೇಶಗಳಿಂದ ಬರುವ ನರ್ಸುಗಳಿಗೆ ಆಸ್ಟ್ರೇಲಿಯಾವೂ 2020ರಿಂದ ಇದನ್ನೇ ಕೇಳುತ್ತೆ. ಎಲ್ಲಿಗೆ ಅಂತ ಆಮೇಲೆ ನೋಡೋಣ. ಆಂಟಿ ಇವತ್ತೂ ಮೆಟ್ಟಿಲಲ್ಲಿ ಸಿಕ್ಕಿ "ಏನೂ ಆಗಲ್ಲ ಬಿಡು, ಮುಂದಿನ ಸಲ ಆಗೇ ಆಗುತ್ತೆ" ಅಂದರು. ಅವರಿಗೆ ಮೈನಸ್ ಒಂದು.

ಹಾಗಂತ ಅಂದುಕೊಂಡು ಒಳಗೆ ಬಂದೆ. ಆದರೆ ಕೇಳಿ ಸ್ವಲ್ಪ ಹಗುರವಾದದ್ದೂ ನಿಜ. ಈ ಅಜ್ಜಿಯೊಬ್ಬರು ನನ್ನ ತಲೆ ಕೆಡಿಸಿದರು.

ಚಿನ್ನಿ ಪ್ರಶ್ನೆ ಕಳಿಸಿದ್ದಾಳೆ. ನಾಲ್ಕು ರೋಗಿಗಳು, ಯಾರನ್ನು ಮೊದಲು ನೋಡುತ್ತೀಯ. ಸಿಓಪಿಡಿ (ಬಹಳ ಕಾಲದ ಶ್ವಾಸಕೋಶದ ಕಾಯಿಲೆ), ಆಕ್ಸಿಜನ್ 90. ಸಕ್ಕರೆ 250. ಆಪರೇಷನ್ ಆಗಿ ನೋವು ಅಂತ ಅಳುತ್ತಿರುವವರು. ನಿನ್ನೆ ಥೈರಾಯ್ಡ್ ತೆಗೆಸಿಕೊಂಡು ಇವತ್ತು ತುಟಿ ಸುತ್ತ ಜುಮ್ ಅನ್ನುತ್ತಿದೆ ಅಂತಿರುವವರು. ಅವಳು ಸಿಓಪಿಡಿ ಅಂತ ಹಾಕಿದ್ದಾಳೆ, ಮುಂದೆ ಒಂದು ನಗುವ ಮುಖ. ಅಲ್ಲ ಕಣೇ. ಅವರಿಗೆ 90 ಮಾಮೂಲು. ಅಳುತ್ತಿರುವವರಿಗೆ ಉಸಿರು ಆಡುತ್ತಿದೆ, ಅದಕ್ಕೇ ಅಳುತ್ತಿದ್ದಾರೆ. ತುಟಿ ಜುಮ್ ಅಂದರೆ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿಯುತ್ತಿದೆ ಅಂತ, ಆಮೇಲೆ ಗಂಟಲು ಬಿಗಿದರೆ ಉಸಿರೇ ನಿಲ್ಲುತ್ತೆ. ಜುಮ್ ಅನ್ನುವವರು ಕೂಗುವುದೂ ಇಲ್ಲ, ಅವರ ಕಡೆಯವರು ಬಂದು ಕರೆಯುವುದೂ ಇಲ್ಲ, ಸುಮ್ನೆ ತುಟಿ ಮುಟ್ಟಿಕೊಂಡು ಕೂತಿರುತ್ತಾರೆ, ನಾವೇ ಹೋಗಿ ನೋಡಬೇಕು. ಇದನ್ನು ಟೈಪ್ ಮಾಡುವುದಕ್ಕಿಂತ ಫೋನೇ ಮಾಡುತ್ತೇನೆ. ಮತ್ತೆ ಅದೇ ಜಗಳ ಶುರುವಾದರೆ ಆಗಲಿ.