ಚಿತ್ರದಲ್ಲಿ ಸೇರದ ಬಿಂದುಗಳು

ತಿಂಗಳ ಪರಿಶೀಲನಾ ಸಭೆಗೆ ಚಾರ್ಟ್‌ಗಳನ್ನು ಸಿದ್ಧಪಡಿಸುವುದು ಹಲವು ವರ್ಷಗಳಿಂದ ನನ್ನ ಕೆಲಸ. ಅವನ್ನು ತಯಾರಿಸುವಾಗ ಕಲಿತದ್ದಕ್ಕಿಂತ, ಸಭೆಯಲ್ಲಿ ಕುಳಿತವರು ಅವನ್ನು ಹೇಗೆ ನೋಡುತ್ತಾರೆ ಎಂಬುದನ್ನು ಗಮನಿಸುತ್ತಾ ಕಲಿತದ್ದೇ ಹೆಚ್ಚು. ಪರದೆಯ ಮೇಲೆ ಚಾರ್ಟ್ ಮೂಡಿದ ಕೂಡಲೇ ಎಲ್ಲರ ಕಣ್ಣು ಗೆರೆಯ ಕೊನೆಯ ತುದಿಗೆ ಹೋಗುತ್ತದೆ. ಅದು ಏರಿದೆಯೋ ಇಳಿದಿದೆಯೋ ಎಂದು ತಿಳಿದರೆ ಸಾಕು, ಚರ್ಚೆ ಶುರುವಾಗುತ್ತದೆ. ಅಕ್ಷದ ಪಕ್ಕದಲ್ಲಿ ಏನು ಬರೆದಿದೆ, ಅಳತೆ ಸೊನ್ನೆಯಿಂದ ಆರಂಭವಾಗಿದೆಯೇ ಎಂದು ನೋಡುವವರು ವಿರಳ.

ಒಮ್ಮೆ ಗ್ರಾಹಕರ ದೂರುಗಳನ್ನು ತೋರಿಸುವ ಗೆರೆ ಮೂರು ತಿಂಗಳು ಸತತವಾಗಿ ಇಳಿದಿತ್ತು. ಮೇಲಧಿಕಾರಿಗಳಿಗೆ ಅದು ಹೊಸ ವ್ಯವಸ್ಥೆಯ ಯಶಸ್ಸಾಗಿ ಕಂಡಿತು, ಹಣಕಾಸು ವಿಭಾಗದವರಿಗೆ ದೂರು ವಿಭಾಗದ ಸಿಬ್ಬಂದಿಯನ್ನು ಕಡಿಮೆ ಮಾಡಲು ಒದಗಿಬಂದ ಕಾರಣವಾಗಿ ಕಂಡಿತು. ದಿನವಿಡೀ ದೂರುಗಳನ್ನು ಸ್ವೀಕರಿಸುವ ಸಹೋದ್ಯೋಗಿಯೊಬ್ಬರು ಮಾತ್ರ ಎದ್ದು ಪರದೆಯ ಬಳಿ ಹೋಗಿ, ಗೆರೆ ಬಾಗತೊಡಗಿದ ಜಾಗದ ಮೇಲೆ ಬೆರಳಿಟ್ಟು, "ಸರ್, ಫಾರ್ಮ್‌ನಲ್ಲಿ ಬಿಲ್ ಸಂಖ್ಯೆಯನ್ನು ಕಡ್ಡಾಯ ಮಾಡಿದ್ದು ಇದೇ ವಾರ ಅಲ್ಲವೇ? ಬಿಲ್ ಕಳೆದುಕೊಂಡವರ ದೂರು ಈಗ ದಾಖಲಾಗುವುದೇ ಇಲ್ಲ" ಎಂದರು. ನನ್ನ ಗೆರೆಯಲ್ಲಿ ಲೆಕ್ಕದ ತಪ್ಪಿರಲಿಲ್ಲ. ಅದು ದಾಖಲಾದ ದೂರುಗಳನ್ನು ಸರಿಯಾಗಿಯೇ ಎಣಿಸಿತ್ತು. ಆದರೆ ಶೀರ್ಷಿಕೆಯಲ್ಲಿ ನಾನು 'ಗ್ರಾಹಕರ ದೂರುಗಳು' ಎಂದು ಬರೆದಿದ್ದೆ. 'ದಾಖಲಾದ' ಎಂಬ ಒಂದು ಪದವನ್ನು ಬಿಟ್ಟದ್ದರಿಂದ, ಫಾರ್ಮ್ ತುಂಬಲಾಗದೆ ಹಿಂತಿರುಗಿದವರೆಲ್ಲ ತೃಪ್ತ ಗ್ರಾಹಕರಾಗಿಬಿಟ್ಟಿದ್ದರು.

ಚಾರ್ಟ್‌ನೊಳಗೆ ಸೇರದೆ ಹೋದ ಬಿಂದುಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ ನೆನಪಾಗುತ್ತದೆ. 1986ರ ಜನವರಿ 28ರಂದು ಉಡಾವಣೆಯಾದ 73 ಸೆಕೆಂಡುಗಳಲ್ಲಿ ಆ ನೌಕೆ ಛಿದ್ರವಾಗಿ, ಅದರಲ್ಲಿದ್ದ 7 ಮಂದಿಯೂ ಪ್ರಾಣ ಕಳೆದುಕೊಂಡರು. ರಾಕೆಟ್‌ನ ಕೀಲುಗಳಲ್ಲಿರುವ ರಬ್ಬರ್ ಉಂಗುರಗಳು ಚಳಿಯಲ್ಲಿ ಸರಿಯಾಗಿ ಕೆಲಸ ಮಾಡಲಾರವು ಎಂದು ಇಂಜಿನಿಯರ್‌ಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರೂ, ಅದನ್ನು ಕೇಳಿದವರಿಗೆ ತಾಪಮಾನಕ್ಕೂ ಹಾನಿಗೂ ಇರುವ ಸಂಬಂಧ ಮನದಟ್ಟಾಗಲಿಲ್ಲ. ತನಿಖಾ ಆಯೋಗವು ತನ್ನ ವರದಿಯಲ್ಲಿ ಎರಡು ಚಿತ್ರಗಳನ್ನು ಕೊಟ್ಟಿತು. ಉಂಗುರಗಳಿಗೆ ಹಾನಿಯಾದ ಹಾರಾಟಗಳನ್ನಷ್ಟೇ ಗುರುತಿಸಿದ ಮೊದಲನೆಯದರಲ್ಲಿ ಬಿಂದುಗಳು ಬೆಚ್ಚಗಿನ ದಿನಗಳಲ್ಲೂ ತಣ್ಣನೆಯ ದಿನಗಳಲ್ಲೂ ಚದುರಿಕೊಂಡಿದ್ದು, ಯಾವ ಸಂಬಂಧವೂ ಕಾಣುವುದಿಲ್ಲ. ಹಾನಿಯಾಗದ ಹಾರಾಟಗಳನ್ನೂ ಸೇರಿಸಿದ ಎರಡನೆಯದರಲ್ಲಿ, 66 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತಾಪಮಾನದ 20 ಹಾರಾಟಗಳಲ್ಲಿ 3ರಲ್ಲಿ ಮಾತ್ರ ಹಾನಿ, 63 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಾಪಮಾನದ 4 ಹಾರಾಟಗಳಲ್ಲಿ ನಾಲ್ಕರಲ್ಲೂ ಹಾನಿ. 'ಏನೂ ಆಗಲಿಲ್ಲ' ಎಂದು ಹೇಳುವ ಬಿಂದುಗಳೇ ಎಲ್ಲವನ್ನೂ ಹೇಳುತ್ತಿದ್ದವು. ಆ ಎರಡು ಚಿತ್ರಗಳನ್ನು ಎಷ್ಟು ಬಾರಿ ನೋಡಿದರೂ ನನಗೆ ಸಂಕಟವಾಗುತ್ತದೆ.

ಕಣ್ಣಿನ ಮಿತಿಯೂ ಇದರಲ್ಲಿ ಸೇರಿದೆ. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನಗಳನ್ನು ನಾವು ಚೆನ್ನಾಗಿ ಹೋಲಿಸಬಲ್ಲೆವು, ಕೋನ ಮತ್ತು ವಿಸ್ತೀರ್ಣಗಳನ್ನು ಹೋಲಿಸುವಾಗ ಹೆಚ್ಚು ಎಡವುತ್ತೇವೆ ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದರೂ, ಹತ್ತು ಹೋಳುಗಳ ಪೈ ಚಾರ್ಟ್ ಬೇಕೆಂಬ ಬೇಡಿಕೆ ಇಂದಿಗೂ ನಿಂತಿಲ್ಲ. ಕೆಂಪು-ಹಸಿರು ಬಣ್ಣಗಳ ಡ್ಯಾಶ್‌ಬೋರ್ಡ್‌ ಅಂತೂ, ಆ ಎರಡು ಬಣ್ಣಗಳ ವ್ಯತ್ಯಾಸ ಕಾಣದ ಸಹೋದ್ಯೋಗಿಯ ಪಾಲಿಗೆ ಎಲ್ಲ ಒಂದೇ ಬಗೆಯ ಚೌಕಗಳ ಸಾಲು. ಅವರು ಅದನ್ನು ತಾವಾಗಿ ಹೇಳಿಕೊಳ್ಳುವವರೆಗೆ ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ದೂರುಗಳ ಚಾರ್ಟ್‌ನ ಶೀರ್ಷಿಕೆಯನ್ನು ತಿದ್ದಿದೆ, ಫಾರ್ಮ್ ಬದಲಾದ ವಾರಕ್ಕೆ ಚುಕ್ಕೆಗಳ ಒಂದು ಲಂಬ ಗೆರೆ ಎಳೆದೆ, ಫಾರ್ಮ್ ತೆರೆದು ಅರ್ಧಕ್ಕೇ ಬಿಟ್ಟವರ ಸಂಖ್ಯೆಯನ್ನು ಕೆಳಗೆ ಇನ್ನೊಂದು ಗೆರೆಯಾಗಿ ಸೇರಿಸಿದೆ. ದಾಖಲಾದ ದೂರುಗಳು ಇಳಿದ ಜಾಗದಲ್ಲೇ ಆ ಗೆರೆ ಏರಿತ್ತು. ಮುಂದಿನ ಸಭೆಯಲ್ಲಿ ಮೊದಲ ಪ್ರಶ್ನೆ ಚುಕ್ಕೆಗಳ ಗೆರೆಯ ಕುರಿತೇ ಬಂತು. ಸಿಬ್ಬಂದಿಯನ್ನು ಕಡಿಮೆ ಮಾಡುವ ಮಾತನ್ನು ಅಂದು ಯಾರೂ ಎತ್ತಲಿಲ್ಲ.